ವೇಷವಲ್ಲ, ಅವರದೇ ಉಡುಪು

ನಮ್ಮ ಭಾಷೆಯಲ್ಲಿ 'ವೇಷ' ಎಂಬ ಪದಕ್ಕೆ ಎರಡು ಅರ್ಥಗಳಿವೆ. ರಂಗಸ್ಥಳದಲ್ಲಿ ಕಲಾವಿದನು ಧರಿಸುವ ಉಡುಗೆ ತೊಡುಗೆಯೂ ವೇಷವೇ. ಒಳಗೊಂದು ಹೊರಗೊಂದು ಎಂಬಂತೆ ಬಾಳುವವನ ನಟನೆಯೂ ವೇಷವೇ. 'ಅವನದೆಲ್ಲ ಬರಿಯ ವೇಷ' ಎಂದು ಜನ ಆಡಿಕೊಳ್ಳುವಾಗ ಅವರ ಮನಸ್ಸಿನಲ್ಲಿರುವುದು ಈ ಎರಡನೆಯ ಅರ್ಥ. ಹಾಗಾದರೆ ರಂಗದ ಉಡುಪು ಸತ್ಯವನ್ನು ನುಡಿಯಬಲ್ಲುದೇ? ನುಡಿಯಬೇಕಾದರೆ ಅದನ್ನು ಹೊಲಿಯುವವನು ಯಾವ ಶಿಸ್ತಿಗೆ ಒಳಪಡಬೇಕು? ಈ ಪ್ರಶ್ನೆಗಳನ್ನು ಒಂದು ನಿಜವಾದ ನಾಟಕದ ಆಧಾರದಿಂದ ಈ ವಾರ ಪರಿಶೀಲಿಸೋಣ.

ಯಕ್ಷಗಾನದ ಪ್ರೇಕ್ಷಕನನ್ನು ಈ ಪ್ರಶ್ನೆ ಹೆಚ್ಚು ಬಾಧಿಸದು. ಕಿರೀಟವನ್ನೋ, ಕೇದಗೆ ಮುಂದಲೆಯನ್ನೋ, ಬಣ್ಣದ ಮುಖವನ್ನೋ ಕಂಡೊಡನೆ ಪಾತ್ರದ ವರ್ಗ ಅವನಿಗೆ ತಿಳಿದುಬಿಡುತ್ತದೆ. ಅರ್ಜುನನನ್ನು ಕಣ್ಣಾರೆ ಕಂಡವರು ಆ ಸಭೆಯಲ್ಲಿ ಯಾರೂ ಇರುವುದಿಲ್ಲ. ಆದರೆ ಮೊನ್ನೆ ಮೊನ್ನೆಯವರೆಗೆ ಬದುಕಿದ್ದ, ಸಾವಿರಾರು ಛಾಯಾಚಿತ್ರಗಳಲ್ಲಿ ಉಳಿದಿರುವ ಒಬ್ಬ ಮನುಷ್ಯನನ್ನು ರಂಗಕ್ಕೆ ತರುವಾಗ ಪರಿಸ್ಥಿತಿ ಬೇರೆ. ಅಲ್ಲಿ ಉಡುಪು ಒಂದು ವರ್ಗವನ್ನಲ್ಲ, ಒಬ್ಬನೇ ವ್ಯಕ್ತಿಯನ್ನು ತೋರಿಸಬೇಕು. ನೋಡಲು ಬಂದವರಲ್ಲಿ ಆತನ ಕೈ ಕುಲುಕಿದವರೂ ಇರಬಹುದು.

ಗುರುಮಠದಿಂದ ಮೈದಾನಕ್ಕೆ

ನಾವು ಆರಿಸಿಕೊಂಡಿರುವ ನಾಟಕದ ಹೆಸರು 'ಲೊಂಬಾರ್ಡಿ'. ಅಮೆರಿಕನ್ ಫುಟ್‌ಬಾಲ್ ತರಬೇತುದಾರ ವಿನ್ಸ್ ಲೊಂಬಾರ್ಡಿ ಅವರ ಜೀವನವನ್ನು ಆಧರಿಸಿದ ಕೃತಿ ಅದು. ಈ ಆಟ ನಮ್ಮ ಮಕ್ಕಳು ಶಾಲೆಯ ಬಯಲಿನಲ್ಲಿ ಆಡುವ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಶಿರಸ್ತ್ರಾಣ ಹಾಗೂ ಭುಜಕವಚ ಧರಿಸಿ, ಎದುರಾಳಿಗಳ ಸಾಲನ್ನು ಭೇದಿಸಿ ಮುನ್ನುಗ್ಗುವ ಆಟ.

ಲೊಂಬಾರ್ಡಿ ಅವರು 1913ರ ಜೂನ್ 11ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಇಟಲಿ ಮೂಲದ ಕಥೋಲಿಕ ಕುಟುಂಬದಲ್ಲಿ ಜನಿಸಿದರು. ತಂದೆ ಮಾಂಸದ ವ್ಯಾಪಾರಿ. ಬಾಲಕನು ಯಾಜಕನಾಗಬೇಕೆಂಬ ಬಯಕೆಯಿಂದ ಕಿರಿಯ ಗುರುಮಠವನ್ನು ಸೇರಿ, ಕೆಲವು ವರ್ಷಗಳ ಬಳಿಕ ಆ ದಾರಿಯನ್ನು ಬಿಟ್ಟನು. ಯೇಸುಸಭೆಯವರ ಫೋರ್ಡ್‌ಹ್ಯಾಮ್ ವಿಶ್ವವಿದ್ಯಾನಿಲಯದಿಂದ 1937ರಲ್ಲಿ ಪದವಿ ಪಡೆದು, ನ್ಯೂ ಜೆರ್ಸಿಯ ಸಂತ ಸಿಸಿಲಿಯಾ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತ ತರಬೇತುದಾರರಾದರು. 1959ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಎಂಬ ಸಣ್ಣ ನಗರದ 'ಪ್ಯಾಕರ್ಸ್' ತಂಡದ ಹೊಣೆ ಹೊತ್ತರು. ಹಿಂದಿನ ವರ್ಷ ಹನ್ನೆರಡು ಪಂದ್ಯಗಳಲ್ಲಿ ಒಂದನ್ನು ಮಾತ್ರ ಗೆದ್ದಿದ್ದ ತಂಡವದು. ಅವರ ಕೈಯಲ್ಲಿ ಅದು 1961, 1962, 1965, 1966 ಮತ್ತು 1967ರ ಋತುಗಳಲ್ಲಿ ರಾಷ್ಟ್ರೀಯ ಲೀಗಿನ ಕಿರೀಟ ಧರಿಸಿತು. ಮೊದಲ ಎರಡು 'ಸೂಪರ್ ಬೌಲ್'ಗಳನ್ನೂ ಗೆದ್ದುಕೊಂಡಿತು. ದಿನಂಪ್ರತಿ ಬಲಿಪೂಜೆಯಲ್ಲಿ ಭಾಗವಹಿಸುವುದನ್ನು ಅವರು ಬಿಡಲಿಲ್ಲ. 1970ರ ಸೆಪ್ಟೆಂಬರ್ 3ರಂದು, ತಮ್ಮ 57ನೆಯ ವಯಸ್ಸಿನಲ್ಲಿ, ಕರುಳಿನ ಕ್ಯಾನ್ಸರಿನಿಂದ ನಿಧನರಾದರು. ನ್ಯೂಯಾರ್ಕಿನ ಸಂತ ಪ್ಯಾಟ್ರಿಕ್ ಪ್ರಧಾನಾಲಯದಲ್ಲಿ ಅಂತಿಮ ಬಲಿಪೂಜೆ ನೆರವೇರಿತು.

ರಂಗವೇರಿದ ಬಗೆ

ಡೇವಿಡ್ ಮ್ಯಾರನಿಸ್ ಅವರು ಬರೆದು 1999ರಲ್ಲಿ ಪ್ರಕಟವಾದ ಜೀವನಚರಿತ್ರೆಯನ್ನು ಆಧರಿಸಿ ಎರಿಕ್ ಸೈಮನ್‌ಸನ್ ಈ ನಾಟಕವನ್ನು ರಚಿಸಿದರು. 2010ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿರುವ 'ಸರ್ಕಲ್ ಇನ್ ದ ಸ್ಕ್ವೇರ್' ರಂಗಮಂದಿರದಲ್ಲಿ ಅದು ಆರಂಭವಾಗಿ 2011ರ ಮೇ ತಿಂಗಳವರೆಗೆ ನಡೆಯಿತು. ನಿರ್ದೇಶನ ಥಾಮಸ್ ಕೇಲ್ ಅವರದು. ಲೊಂಬಾರ್ಡಿಯಾಗಿ ಡ್ಯಾನ್ ಲಾರಿಯಾ, ಪತ್ನಿ ಮರೀಯಾಗಿ ಜೂಡಿತ್ ಲೈಟ್ ನಟಿಸಿದರು. ಉಡುಪುಗಳ ವಿನ್ಯಾಸ ಪಾಲ್ ಟೇಜ್‌ವೆಲ್ ಅವರದು. ಇದೇ ಟೇಜ್‌ವೆಲ್ ಮುಂದೆ 'ಹ್ಯಾಮಿಲ್ಟನ್' ನಾಟಕಕ್ಕಾಗಿ 2016ರಲ್ಲಿ ಟೋನಿ ಪ್ರಶಸ್ತಿಯನ್ನೂ 'ವಿಕೆಡ್' ಚಲನಚಿತ್ರಕ್ಕಾಗಿ 2025ರಲ್ಲಿ ಆಸ್ಕರ್ ಪ್ರಶಸ್ತಿಯನ್ನೂ ಪಡೆದರು. ಆ ಎರಡು ಕೃತಿಗಳಲ್ಲಿ ಕಣ್ಣು ಕೋರೈಸುವ ವಸ್ತ್ರವೈಭವಕ್ಕೆ ಅವಕಾಶವಿತ್ತು. 'ಲೊಂಬಾರ್ಡಿ'ಯಲ್ಲಿ ಇದ್ದದ್ದು ಆರೇ ಪಾತ್ರಗಳು, ಸಾಧಾರಣ ಕೋಟುಗಳು, ಗೃಹಿಣಿಯೊಬ್ಬಳ ಉಡುಪುಗಳು, ಆಟಗಾರರ ಅಂಗಿಗಳು.

ನಾಟಕದ ಮುಖ್ಯ ಕಾಲ 1965ರ ನವೆಂಬರ್. ಎರಡು ವರ್ಷ ಕಿರೀಟ ಕೈತಪ್ಪಿದ ಬಳಿಕ ಅದನ್ನು ಮರಳಿ ಪಡೆಯಲು ತಂಡ ಹೆಣಗುತ್ತಿದ್ದ ದಿನಗಳವು. 'ಲುಕ್' ಪತ್ರಿಕೆಯ ತರುಣ ವರದಿಗಾರನೊಬ್ಬ ಲೊಂಬಾರ್ಡಿ ಅವರ ಮನೆಗೆ ಬರುತ್ತಾನೆ. ಈ ವರದಿಗಾರ ನಾಟಕಕಾರರ ಕಲ್ಪನೆ. ಮಿಕ್ಕ ಐವರು ನಿಜವಾಗಿ ಬಾಳಿದವರು. ಪಾಲ್ ಹಾರ್ನಂಗ್, ಜಿಮ್ ಟೇಲರ್, ಡೇವ್ ರಾಬಿನ್‌ಸನ್ ಎಂಬ ಮೂವರು ಆಟಗಾರರು ನಾಟಕ ರಂಗವೇರಿದ ವೇಳೆ ಜೀವಂತರಾಗಿದ್ದರು. ಲೊಂಬಾರ್ಡಿ ಅವರ ಮಗನೂ ಇದ್ದರು. ವಿನ್ಯಾಸಕನ ಕೆಲಸ ಕಠಿಣವಾಗುವುದು ಇಲ್ಲಿಯೇ. ಜೂಲಿಯಸ್ ಸೀಸರನ ನಿಲುವಂಗಿಯ ಅಂಚು ಒಂದಂಗುಲ ಹೆಚ್ಚಾದರೆ ಆಕ್ಷೇಪಿಸುವವರಿಲ್ಲ. 'ನಮ್ಮಪ್ಪ ಟೊಪ್ಪಿಗೆಯನ್ನು ಹಾಗೆ ಇಡುತ್ತಿರಲಿಲ್ಲ' ಎಂದು ಹೇಳಬಲ್ಲ ಮಗನೊಬ್ಬ ಸಭೆಯಲ್ಲಿ ಕುಳಿತಿರುವಾಗ ಹೊಲಿಗೆಯ ಪ್ರತಿಯೊಂದು ಎಳೆಯೂ ಸಾಕ್ಷಿಯ ಕಟಕಟೆಯಲ್ಲಿ ನಿಂತಂತೆ.

ಕಪಾಟು ಪಂಚಾಂಗವಲ್ಲ

ಇಂತಹ ಕೆಲಸಕ್ಕೆ ವಿನ್ಯಾಸಕರು ಕೈಹಾಕುವ ಕ್ರಮ ತಿಳಿಯತಕ್ಕದ್ದಾಗಿದೆ. ಮೊದಲು ನಾಟಕದ ಪಠ್ಯವನ್ನು ಹಲವು ಬಾರಿ ಓದಿ, ಯಾವ ದೃಶ್ಯದಲ್ಲಿ ಯಾವ ಪಾತ್ರ ಏನನ್ನು ತೊಟ್ಟಿರಬೇಕು, ಎರಡು ದೃಶ್ಯಗಳ ನಡುವೆ ಉಡುಪು ಬದಲಿಸಲು ಎಷ್ಟು ಕ್ಷಣಗಳು ದೊರೆಯುತ್ತವೆ ಎಂಬುದರ ಪಟ್ಟಿಯನ್ನು ಸಿದ್ಧಪಡಿಸುತ್ತಾರೆ. ಬಳಿಕ ಸಂಶೋಧನೆ. ಆ ಕಾಲದ ಪತ್ರಿಕೆಗಳ ಚಿತ್ರಗಳು, ಶಾಲಾ ಕಾಲೇಜುಗಳ ವಾರ್ಷಿಕ ಸಂಚಿಕೆಗಳು, ಮನೆಮನೆಗಳ ಛಾಯಾಚಿತ್ರದ ಆಲ್ಬಂಗಳು, ಅಂಚೆಯ ಮೂಲಕ ವಸ್ತು ಮಾರುತ್ತಿದ್ದ 'ಸಿಯರ್ಸ್' ಮುಂತಾದ ಸಂಸ್ಥೆಗಳ ಬೆಲೆಪಟ್ಟಿಗಳು ಇದಕ್ಕೆ ಆಕರ. ಫ್ಯಾಷನ್ ಪತ್ರಿಕೆಗಳಿಗಿಂತ ಬೆಲೆಪಟ್ಟಿ ಹೆಚ್ಚು ಪ್ರಾಮಾಣಿಕವಾದುದು. ಶ್ರೀಮಂತರು ಏನನ್ನು ಬಯಸಿದರೆಂದು ಮೊದಲನೆಯದು ಹೇಳಿದರೆ, ಸಾಮಾನ್ಯರು ಏನನ್ನು ಕೊಂಡರೆಂದು ಎರಡನೆಯದು ಹೇಳುತ್ತದೆ. ಅಂದಿನ ಚಿತ್ರಗಳಲ್ಲಿ ಬಹುಪಾಲು ಕಪ್ಪು ಬಿಳುಪಿನವು. ಬಟ್ಟೆಯ ಬಣ್ಣವನ್ನು ಲಿಖಿತ ವರ್ಣನೆಗಳಿಂದಲೋ, ಉಳಿದುಬಂದ ವಸ್ತ್ರಗಳಿಂದಲೋ, ಅಪರೂಪದ ಬಣ್ಣದ ಚಿತ್ರಗಳಿಂದಲೋ ಖಚಿತಪಡಿಸಿಕೊಳ್ಳಬೇಕು.

ಇಲ್ಲಿ ಒಂದು ಸೂಕ್ಷ್ಮ ತತ್ತ್ವ ಅಡಗಿದೆ. 1965ರ ಕಥೆಯೆಂದ ಮಾತ್ರಕ್ಕೆ ಎಲ್ಲರೂ 1965ರ ಬಟ್ಟೆಯನ್ನೇ ಧರಿಸಿರಬೇಕೆಂದಿಲ್ಲ. ನಮ್ಮ ಮನೆಗಳ ಕಪಾಟುಗಳನ್ನೇ ನೋಡೋಣ: ಮಗಳ ಹೊಸ ಚೂಡಿದಾರದ ಪಕ್ಕದಲ್ಲಿ ಅಜ್ಜಿಯ ಮೂವತ್ತು ವರ್ಷದ ಹಿಂದಿನ ಸೀರೆ ತೂಗುತ್ತಿರುತ್ತದೆ. ಲಂಡನ್ನಿನಲ್ಲಿ ಆ ವರುಷ ಲಂಗದ ಅಂಚು ಮೊಣಕಾಲಿಗಿಂತ ಮೇಲೇರತೊಡಗಿತ್ತು, ನಿಜ. ಆದರೆ ಅರವತ್ತು ಸಾವಿರದಷ್ಟು ಜನಸಂಖ್ಯೆಯ, ಹಿಮಗಾಳಿ ಬೀಸುವ ಗ್ರೀನ್ ಬೇಯಲ್ಲಿ, ಐವತ್ತರ ಪ್ರಾಯದ ಕಥೋಲಿಕ ಗೃಹಿಣಿಗೆ ಅದು ಸಲ್ಲದು. ಅವಳ ಉಡುಪಿನ ಗೆರೆಗಳು ಹಿಂದಿನ ದಶಕದವು. ಹೊರ ಉಡುಪು ಸರಿಯಾಗಿ ಕೂರಬೇಕಾದರೆ ಒಳ ಉಡುಪೂ ಆ ಕಾಲದ ಕಟ್ಟಿನದೇ ಆಗಿರಬೇಕು. ಜೊತೆಗೆ ಮರೀ ಲೊಂಬಾರ್ಡಿ ನ್ಯೂಯಾರ್ಕಿನ ನೆರೆಯಿಂದ ಬಂದವರು, ಆ ಸಣ್ಣ ಊರಿಗೆ ಮನಸ್ಸೊಪ್ಪಿಸಲು ಹೆಣಗಿದವರು. ಆಕೆಯ ಉಡುಪಿನಲ್ಲಿ ನಗರದ ನಯವೂ ಇರಬೇಕು, ಯಾರಿಗಾಗಿ ಹೀಗೆ ಅಲಂಕರಿಸಿಕೊಂಡೆ ಎಂಬ ಒಂಟಿತನವೂ ಕಾಣಬೇಕು.

1965ರ ನವೆಂಬರ್ ಎಂದೊಡನೆ ಕಥೋಲಿಕರಾದ ನಮಗೆ ಇನ್ನೊಂದು ಸಂಗತಿ ನೆನಪಾಗುತ್ತದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯ ಕೊನೆಯ ವಾರಗಳವು. ಡಿಸೆಂಬರ್ 8ರಂದು ಅದು ಮುಕ್ತಾಯಗೊಂಡಿತು. ಅಮೆರಿಕದ ದೇವಾಲಯಗಳಲ್ಲಿ ಜನರ ಭಾಷೆ ಬಲಿಪೂಜೆಯನ್ನು ಪ್ರವೇಶಿಸಿ ಆಗಿನ್ನೂ ಒಂದು ವರ್ಷವಾಗಿತ್ತು. ಆದರೆ ಸ್ತ್ರೀಯರು ದೇವಾಲಯದಲ್ಲಿ ತಲೆಯನ್ನು ಮುಚ್ಚಿಕೊಳ್ಳಬೇಕೆಂಬ 1917ರ ಧರ್ಮಸಭಾ ಸಂಹಿತೆಯ ವಿಧಿ ಇನ್ನೂ ಜಾರಿಯಲ್ಲಿತ್ತು. ಅಂಥ ಮನೆಯ ಬಾಗಿಲ ಬಳಿಯ ಗೂಟದಲ್ಲಿ ಹೆಂಗಸಿನ ಟೊಪ್ಪಿಗೆಯೊಂದು ತೂಗುತ್ತಿದ್ದರೆ ಅದು ಅಲಂಕಾರಕ್ಕಲ್ಲ, ಪೂಜೆಗಾಗಿ. ಸಂಭಾಷಣೆಯಲ್ಲಿ ಹೇಳದೆ ಉಳಿದದ್ದನ್ನು ಒಂದು ಟೊಪ್ಪಿಗೆ ಹೇಳಬಲ್ಲುದು.

ಕೋಟನ್ನು ಕಳಚಿದಾಗ

ಲೊಂಬಾರ್ಡಿ ಎಂದೊಡನೆ ಅಮೆರಿಕದ ಕ್ರೀಡಾಭಿಮಾನಿಯ ಕಣ್ಮುಂದೆ ನಿಲ್ಲುವ ಚಿತ್ರವೊಂದಿದೆ: ಒಂಟೆಯ ರೋಮದ ಕಂದುಬಣ್ಣದ ಉದ್ದನೆಯ ಕೋಟು, ಅಂಚುಳ್ಳ ಟೊಪ್ಪಿಗೆ, ಬಿಳಿ ಅಂಗಿ, ಕಿರಿದಾದ ಟೈ, ದಪ್ಪ ಚೌಕಟ್ಟಿನ ಕನ್ನಡಕ. ಕೆಸರಿನ ಮೈದಾನದ ಅಂಚಿನಲ್ಲಿ ಬ್ಯಾಂಕಿನ ಅಧಿಕಾರಿಯಂತೆ ಉಡುಪು ತೊಟ್ಟು ನಿಲ್ಲುತ್ತಿದ್ದವರು ಅವರು. ಪ್ರಯಾಣದ ವೇಳೆ ಆಟಗಾರರೂ ಕೋಟು ಟೈ ಧರಿಸಬೇಕೆಂದು ವಿಧಿಸಿದ್ದರು. ಉಡುಪು ಶಿಸ್ತಿನ ಮೊದಲ ಪಾಠವೆಂಬುದು ಅವರ ದೃಢ ನಂಬಿಕೆ. ಯಾಜಕನ ನಿಲುವಂಗಿಯ ದಾರಿಯನ್ನು ಬಿಟ್ಟುಬಂದ ಮನುಷ್ಯ ಇನ್ನೊಂದು ಬಗೆಯ ವ್ರತವನ್ನು ಕೋಟಿನ ರೂಪದಲ್ಲಿ ತೊಟ್ಟುಕೊಂಡರೇನೋ ಎಂದು ನಮಗೆ ಅನ್ನಿಸುವುದುಂಟು.

ಸಂತ ಪೇತ್ರರ ಪ್ರತಿಮೆಯನ್ನು ಬೀಗದ ಕೈಗಳಿಂದಲೂ ಸಂತ ಅಂತೋಣಿಯವರ ಪ್ರತಿಮೆಯನ್ನು ಬಾಲಯೇಸುವಿನಿಂದಲೂ ನಾವು ಗುರುತಿಸುವಂತೆ ಲೊಂಬಾರ್ಡಿ ಅವರನ್ನು ಜನ ಕೋಟಿನಿಂದ ಗುರುತಿಸುತ್ತಾರೆ. ಗ್ರೀನ್ ಬೇಯ ಲ್ಯಾಂಬೋ ಕ್ರೀಡಾಂಗಣದ ಹೊರಗೆ 2003ರಲ್ಲಿ ಸ್ಥಾಪಿಸಲಾದ ಅವರ ಬೃಹತ್ ಕಂಚಿನ ಪ್ರತಿಮೆಯೂ ಕೋಟುಧಾರಿಯೇ. ವಿನ್ಯಾಸಕನಿಗೆ ಇದು ಅನುಕೂಲವೂ ಹೌದು, ಅಪಾಯವೂ ಹೌದು. ಕೋಟು ಇಲ್ಲದಿದ್ದರೆ ಪ್ರೇಕ್ಷಕ ಆತನನ್ನು ಗುರುತಿಸಲಾರ; ಕೋಟೇ ಎಲ್ಲವೂ ಆದರೆ ಅದರೊಳಗಿನ ಮನುಷ್ಯ ಮರೆಯಾಗುತ್ತಾನೆ.

ಕಂಚಿನ ಪ್ರತಿಮೆ ಕೋಟನ್ನು ಕಳಚಲಾರದು, ರಂಗದ ಮೇಲಿನ ನಟ ಕಳಚಬಲ್ಲ. ಬದುಕಿನಲ್ಲಿ ಮೊದಲು ದೇವರು, ಅನಂತರ ಕುಟುಂಬ, ಅನಂತರ ತಂಡ ಎಂದು ಲೊಂಬಾರ್ಡಿ ತಮ್ಮ ಆಟಗಾರರಿಗೆ ಬೋಧಿಸುತ್ತಿದ್ದರು. ಆಚರಣೆಯಲ್ಲಿ ಆ ಕ್ರಮ ಎಷ್ಟೋ ಸಲ ತಲೆಕೆಳಗಾಗುತ್ತಿತ್ತೆಂಬುದನ್ನು ಜೀವನಚರಿತ್ರೆ ಮುಚ್ಚಿಡುವುದಿಲ್ಲ. ಪತ್ನಿ ಮದ್ಯದಲ್ಲಿ ಸಾಂತ್ವನ ಹುಡುಕಿದರು, ಮಗನು ತಂದೆಯ ಮೆಚ್ಚುಗೆಗಾಗಿ ಹಂಬಲಿಸಿದನು. ಮೈದಾನದ ಅಂಚಿನಲ್ಲಿ ಗರ್ಜಿಸುವ ಕೋಟುಧಾರಿ ಮನೆಗೆ ಬಂದು ಅದನ್ನು ಗೂಟಕ್ಕೆ ತೂಗುಹಾಕಿದ ಮೇಲೆ ಉಳಿಯುವುದು ಐದು ಅಡಿ ಎಂಟು ಅಂಗುಲ ಎತ್ತರದ, ದಣಿದ, ನಡುವಯಸ್ಸು ದಾಟಿದ ಗಂಡಸು. ಸುಕ್ಕಾದ ಅಂಗಿ, ಸಡಿಲಿಸಿದ ಟೈ. ಇನ್ನು ಐದು ವರ್ಷ ತುಂಬುವ ಮುನ್ನ ಆತನಿರುವುದಿಲ್ಲವೆಂದು ಸಭೆಗೆ ಗೊತ್ತು, ಆತನಿಗೆ ಗೊತ್ತಿಲ್ಲ. ಆ ಅಂಗಿಯ ಸುಕ್ಕನ್ನು ಸರಿಯಾಗಿ ತೋರಿಸುವುದು ಕೋಟನ್ನು ಸರಿಯಾಗಿ ಹೊಲಿಯುವುದಕ್ಕಿಂತ ದೊಡ್ಡ ಕೆಲಸವೆಂದು ನಾವು ಭಾವಿಸುತ್ತೇವೆ.

ಹಸಿರು ಮತ್ತು ಹೊನ್ನು

ಆಟಗಾರರ ಸಮವಸ್ತ್ರದಲ್ಲಿ ಬೇರೊಂದು ತೊಡಕು. ಕಡು ಹಸಿರು ಹಾಗೂ ಹೊನ್ನಿನ ಬಣ್ಣದ ಸಮವಸ್ತ್ರವನ್ನು ತಂಡಕ್ಕೆ ಗೊತ್ತುಪಡಿಸಿದವರು 1959ರಲ್ಲಿ ಸ್ವತಃ ಲೊಂಬಾರ್ಡಿ. ಶಿರಸ್ತ್ರಾಣದ ಮೇಲಿನ 'ಜಿ' ಅಕ್ಷರ ಸೇರಿದ್ದು 1961ರಲ್ಲಿ. ಹಾರ್ನಂಗ್ 5, ಟೇಲರ್ 31, ರಾಬಿನ್‌ಸನ್ 89 ಎಂಬ ಸಂಖ್ಯೆಗಳು ಅಭಿಮಾನಿಗಳಿಗೆ ಕಂಠಪಾಠ. ಇಂದಿನ ಅಂಗಡಿಯಲ್ಲಿ ಸಿಗುವ ತಂಡದ ಶಿರಸ್ತ್ರಾಣವನ್ನು ತಂದು ನಟನ ತಲೆಗಿಟ್ಟರೆ ಸಾಲದೇ ಎಂದರೆ, ಸಾಲದು. ಈಗ ಮುಖದ ಮುಂದಿನ ಸರಳುಗಳು ಹಸಿರು. ಆ ಬಣ್ಣ ಬಂದದ್ದು 1980ರಲ್ಲಿ. 1965ರ ಸರಳುಗಳು ಬೂದು ಬಣ್ಣದವು. ಹತ್ತಿಯ ನೂಲು ಬೆರೆತ ಅಂದಿನ ದಪ್ಪ ಅಂಗಿಗಳು ಇಂದಿನ ಹೊಳೆಯುವ ಕೃತಕ ನೂಲಿನ ಅಂಗಿಗಳಂತೆ ಮೈಗೆ ಅಂಟುತ್ತಿರಲಿಲ್ಲ. ಒಂದು ಹಸಿರು ಸರಳು ಕಂಡರೆ ಸಾಕು, ಹಳೆಯ ಅಭಿಮಾನಿಯ ಮನಸ್ಸು ಕಥೆಯಿಂದ ಹೊರಬೀಳುತ್ತದೆ.

ಹಾಗೆಂದು ಮೂವರಿಗೂ ಒಂದೇ ಬಗೆಯ ಬಟ್ಟೆ ತೊಡಿಸಿ ಕೈತೊಳೆದುಕೊಳ್ಳುವಂತಿಲ್ಲ. ಹಾರ್ನಂಗ್ ನೋತ್ರ್ ದಾಮ್ ವಿಶ್ವವಿದ್ಯಾನಿಲಯದ ಮುದ್ದಿನ ತಾರೆ, ವಿಲಾಸಪ್ರಿಯ. ಜೂಜಿನ ಕಾರಣದಿಂದ 1963ರ ಋತುವಿನಲ್ಲಿ ಅಮಾನತಾಗಿದ್ದವರು. ಟೇಲರ್ ದಕ್ಷಿಣದ ಲೂಸಿಯಾನದ ಗಟ್ಟಿಗ. ರಾಬಿನ್‌ಸನ್ ಕರಿಯ ಜನಾಂಗದ ಪದವೀಧರ. ಕರಿಯರಿಗೆ ಮನೆ ಹಾಗೂ ಹೋಟೆಲುಗಳ ಬಾಗಿಲು ಸುಲಭವಾಗಿ ತೆರೆಯದಿದ್ದ ಕಾಲದಲ್ಲಿ ತಮ್ಮ ಘನತೆಯನ್ನು ಕಾಪಾಡಿಕೊಂಡವರು. ಒಂದೇ ಸಮವಸ್ತ್ರದಲ್ಲಿ ಮೂರು ಸ್ವಭಾವಗಳು ತೋರಬೇಕು. ಒಬ್ಬನ ಕೊರಳಪಟ್ಟಿ ತೆರೆದಿರುತ್ತದೆ, ಇನ್ನೊಬ್ಬನ ತೋಳು ಮಡಿಸಿರುತ್ತದೆ, ಮತ್ತೊಬ್ಬನ ಗುಂಡಿಗಳೆಲ್ಲ ಹಾಕಿರುತ್ತವೆ. ಈ ಬಗೆಯ ಭೇದಗಳನ್ನು ವಿನ್ಯಾಸಕ ಮತ್ತು ನಟ ಒಟ್ಟಿಗೆ ಕಂಡುಕೊಳ್ಳುತ್ತಾರೆ.

ತೆರೆಯ ಹಿಂದಿನ ದುಡಿಮೆ

'ಸರ್ಕಲ್ ಇನ್ ದ ಸ್ಕ್ವೇರ್' ಎಂಟುನೂರಕ್ಕಿಂತ ಕಡಮೆ ಆಸನಗಳ ರಂಗಮಂದಿರ. ಅಲ್ಲಿ ಪ್ರೇಕ್ಷಕರು ರಂಗವನ್ನು ಸುತ್ತುವರಿದು ಕುಳಿತುಕೊಳ್ಳುತ್ತಾರೆ. ನಮ್ಮ ಹಬ್ಬದ ನಾಟಕಗಳಲ್ಲಿ ಮುಂಭಾಗಕ್ಕೆ ಜರಿ ಹಚ್ಚಿ ಬೆನ್ನಿಗೆ ಪಿನ್ನು ಚುಚ್ಚಿದರೂ ನಡೆದೀತು. ನಟನ ಬೆನ್ನು ಅರ್ಧದಷ್ಟು ಸಭೆಗೆ ಮುಖವಾಗಿರುವಲ್ಲಿ ಅದು ನಡೆಯದು. ಹೊಲಿಗೆ, ಮಡಿಕೆ, ಬೂಟಿನ ಹಿಮ್ಮಡಿ ಎಲ್ಲವೂ ಕೆಲವೇ ಅಡಿಗಳ ದೂರದಲ್ಲಿ ಪರೀಕ್ಷೆಗೊಳಗಾಗುತ್ತವೆ.

ಹಳೆಯ ಕಾಲದ ಅಸಲಿ ಬಟ್ಟೆಯನ್ನೇ ಕೊಂಡು ತರಬಹುದಲ್ಲವೇ ಎಂದು ಓದುಗರು ಕೇಳಬಹುದು. ಬ್ರಾಡ್‌ವೇಯಲ್ಲಿ ವಾರಕ್ಕೆ ಎಂಟು ಪ್ರದರ್ಶನಗಳು ವಾಡಿಕೆ. ದಶಕಗಳ ಹಿಂದಿನ ನೂಲು ಅಷ್ಟು ಬೆವರು, ಅಷ್ಟು ಒಗೆತ ತಾಳಲಾರದು. ಆದುದರಿಂದ ಹಳೆಯದನ್ನು ಮಾದರಿಯಾಗಿಟ್ಟು ಹೊಸದನ್ನು ಹೊಲಿಯುತ್ತಾರೆ. ಹೊಸದು ಹೊಸದಾಗಿ ಕಾಣಬಾರದೆಂದು ಮರಳು ಕಾಗದದಿಂದ ಉಜ್ಜಿ, ಬಣ್ಣದ ನೀರಿನಲ್ಲಿ ಅದ್ದಿ, ಮೊಣಕೈ ಸವೆಸಿ ವಯಸ್ಸು ಬರಿಸುತ್ತಾರೆ. ವಿಸ್ಕಾನ್ಸಿನ್ನಿನ ಚಳಿಗೆ ಬೇಕಾದ ದಪ್ಪ ಕೋಟನ್ನು ದೀಪಗಳ ಬಿಸಿಯಲ್ಲಿ ತೊಟ್ಟು ನಿಲ್ಲುವ ನಟನಿಗಾಗಿ ಒಳಗಿನ ಅಸ್ತರನ್ನು ಹಗುರಗೊಳಿಸುವುದೂ, ಬೇಗ ಬದಲಿಸಬೇಕಾದಲ್ಲಿ ಗುಂಡಿಯ ಹಿಂದೆ ಒತ್ತುಗುಂಡಿ ಇಡುವುದೂ, ದೀಪ ಪ್ರತಿಫಲಿಸಿ ಕಣ್ಣು ಮರೆಯಾಗದಂತೆ ಕನ್ನಡಕದ ಗಾಜಿಗೆ ಲೇಪ ಕೊಡುವುದೂ ಈ ವೃತ್ತಿಯ ನಿತ್ಯದ ಉಪಾಯಗಳು. ಪ್ರದರ್ಶನ ಮುಗಿದ ಮೇಲೆ ಒಗೆದು, ಇಸ್ತ್ರಿ ಮಾಡಿ, ಬಿಚ್ಚಿದ ಹೊಲಿಗೆಯನ್ನು ಸೇರಿಸುವ ಉಡುಪುಪಾಲಕರ ಹೆಸರನ್ನು ಸಭೆ ಅರಿಯದು. ಪೂಜಾವಸ್ತ್ರಗಳನ್ನು ಒಗೆದು ಮಡಿಸಿಡುವ ನಮ್ಮ ಧರ್ಮಕೇಂದ್ರಗಳ ತಾಯಂದಿರ ನೆನಪು ನಮಗಿಲ್ಲಿ ಸಹಜವಾಗಿ ಬರುತ್ತದೆ.

ತತ್ತ್ವಶಾಸ್ತ್ರದ ಒಂದು ಮಾತು

ಉಡುಪನ್ನು ಕುರಿತು ತತ್ತ್ವಜ್ಞಾನಿಗಳು ಮೌನವಾಗಿಲ್ಲ. ಇರುವುದೆಲ್ಲವನ್ನೂ ಅರಿಸ್ಟಾಟಲ್ ಹತ್ತು ವರ್ಗಗಳಲ್ಲಿ ವಿಂಗಡಿಸಿದಾಗ 'ತೊಟ್ಟಿರುವುದು' ಎಂಬುದನ್ನೂ ಒಂದು ವರ್ಗವಾಗಿ ಎಣಿಸಿದನು. ಪಾದರಕ್ಷೆ ಮೆಟ್ಟಿರುವುದು, ಆಯುಧ ಧರಿಸಿರುವುದು ಆತನು ಕೊಟ್ಟ ಉದಾಹರಣೆಗಳು. ಇದನ್ನು ಲತೀನಿನಲ್ಲಿ 'ಹಾಬಿತುಸ್' ಎಂದರು. ಅದೇ ಪದಕ್ಕೆ ಬಹುಕಾಲದ ಅಭ್ಯಾಸದಿಂದ ಮನಸ್ಸಿನಲ್ಲಿ ನೆಲೆಗೊಂಡ ಗುಣ ಎಂಬ ಅರ್ಥವೂ ಇದೆ. ಸನ್ಯಾಸಿನಿಯರ ಉಡುಪಿಗೂ ನಮ್ಮ ದಿನನಿತ್ಯದ ರೂಢಿಗೂ ಇಂಗ್ಲಿಷಿನಲ್ಲಿ ಒಂದೇ ಹೆಸರು ಬಂದದ್ದು ಹೀಗೆ. ದಿನವೂ ತೊಡುವುದು ಕ್ರಮೇಣ ನಮ್ಮ ಗುಣವಾಗುತ್ತದೆ, ಗುಣವು ತೊಡುಗೆಯಲ್ಲಿ ಇಣುಕುತ್ತದೆ. 'ವ್ಯಕ್ತಿ' ಎಂಬರ್ಥದ ಲತೀನ್ ಪದ 'ಪೆರ್ಸೋನ' ಕೂಡ ನಾಟಕದ ಮುಖವಾಡದಿಂದಲೇ ಬಂದುದೆಂದು ಆರನೆಯ ಶತಮಾನದ ಬೊಯೆಥಿಯಸ್ ವಿವರಿಸಿದ್ದಾನೆ. ಸಂತ ಥಾಮಸ್ ಅಕ್ವಿನಾಸರು ತಮ್ಮ 'ಸುಮ್ಮ ಥಿಯೊಲೊಜಿಯ'ದಲ್ಲಿ ನಟರ ವೃತ್ತಿ ತನ್ನಷ್ಟಕ್ಕೆ ಪಾಪವಲ್ಲವೆಂದು ತೀರ್ಪಿತ್ತು, ಅದರ ಮುಂದಿನ ಪ್ರಶ್ನೆಯಲ್ಲೇ ಉಡುಪಿನ ಮಿತಿಯನ್ನು ಚರ್ಚಿಸುತ್ತಾರೆ. ಯಾರ ನಡುವೆ ಬಾಳುತ್ತೇವೆಯೋ ಅವರ ರೂಢಿಯನ್ನು ಗಮನಿಸಬೇಕೆಂಬುದು ಅವರ ಅಳತೆಗೋಲುಗಳಲ್ಲೊಂದು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ನಮ್ಮ ಹಿರಿಯರ ಗಾದೆಯೂ ಹತ್ತಿರ ಹತ್ತಿರ ಅದನ್ನೇ ಹೇಳುತ್ತದೆ.

ಹೀಗಿರಲು, ಇನ್ನೊಬ್ಬನ ಉಡುಪನ್ನು ಪುನಃ ಹೊಲಿಯುವವನು ಬಟ್ಟೆಯನ್ನು ಮಾತ್ರ ಹೊಲಿಯುವುದಿಲ್ಲ. ಸತ್ತು ಮಲಗಿರುವ, ತನ್ನ ಪರವಾಗಿ ಮಾತನಾಡಲಾರದ ಒಬ್ಬ ಮನುಷ್ಯನ ಕುರಿತು ಸಾಕ್ಷ್ಯ ನುಡಿಯುತ್ತಾನೆ. ಸುಳ್ಳು ಸಾಕ್ಷಿ ಹೇಳಬೇಡ ಎಂಬ ದೈವಾಜ್ಞೆ ಸೂಜಿ ದಾರಕ್ಕೂ ಅನ್ವಯಿಸುತ್ತದೆ. ಸುಳ್ಳು ಎರಡು ಬಗೆಯಲ್ಲಿ ನುಸುಳಬಹುದು: ಆತನನ್ನು ನಗೆಪಾಟಲು ಮಾಡುವ ಉಡುಪಿನಿಂದ, ಅಥವಾ ಆತನನ್ನು ದೇವರನ್ನಾಗಿ ಮಾಡುವ ಉಡುಪಿನಿಂದ. ಕ್ರೀಡಾಪಟುಗಳನ್ನು ಪೂಜಿಸುವ ಈ ಕಾಲದಲ್ಲಿ ಎರಡನೆಯ ಸುಳ್ಳೇ ಹೆಚ್ಚು ಆಕರ್ಷಕ.

ಪ್ರಭು ಯೇಸುವಿನ ಯಾತನೆಯ ವೃತ್ತಾಂತದಲ್ಲಿ ನಾವು ಪ್ರತಿವರ್ಷ ಕೇಳುವ, ಆದರೆ ಹೆಚ್ಚು ಧ್ಯಾನಿಸದ ಒಂದು ವಿವರವಿದೆ. ಸೈನಿಕರು ಅವರಿಗೆ ಕೆನ್ನೀಲಿ ಬಣ್ಣದ ಮೇಲಂಗಿ ತೊಡಿಸಿ ಅರಸನೆಂದು ಅಣಕಿಸಿದರು. ಅದು ವೇಷ; ಅಪಹಾಸ್ಯಕ್ಕಾಗಿ ಹೇರಿದ ವೇಷ. ಅಣಕ ಮುಗಿದ ಮೇಲೆ ಆ ಮೇಲಂಗಿಯನ್ನು ತೆಗೆದು, ಅವರ ಸ್ವಂತ ಬಟ್ಟೆಗಳನ್ನೇ ಮತ್ತೆ ತೊಡಿಸಿ ಶಿಲುಬೆಯ ಹಾದಿಗೆ ಕರೆದೊಯ್ದರೆಂದು ಸಂತ ಮಾರ್ಕನ ಶುಭಸಂದೇಶದ 15ನೆಯ ಅಧ್ಯಾಯ ತಿಳಿಸುತ್ತದೆ. ತಮ್ಮದೇ ಉಡುಪಿನಲ್ಲಿ ಅವರು ಕಲ್ವಾರಿಯನ್ನು ಏರಿದರು.

ವಿನ್ಸ್ ಲೊಂಬಾರ್ಡಿ ಸಂತರಲ್ಲ. ಅವರ ಸಿಡುಕು, ಗೆಲುವಿನ ಹಸಿವು, ಮನೆಯವರ ಕಡೆಗಣನೆ ಎಲ್ಲವೂ ಅವರವೇ. ಹಾಗೆಯೇ ಮುಂಜಾನೆಯ ಬಲಿಪೂಜೆಯಲ್ಲಿ ಮೊಣಕಾಲೂರಿದ ಭಕ್ತಿಯೂ, ಮೈಬಣ್ಣ ನೋಡಿ ಆಟಗಾರನನ್ನು ಅಳೆಯಬಾರದೆಂಬ ನ್ಯಾಯಬುದ್ಧಿಯೂ ಅವರವೇ. ಇಂಥವರಿಗೆ ರಂಗದ ಮೇಲೆ ಸಲ್ಲಬೇಕಾದ ಮರ್ಯಾದೆ ಒಂದೇ: ಕೆನ್ನೀಲಿಯ ಮೇಲಂಗಿಯನ್ನು ತೆಗೆದು ಅವರದೇ ಬಟ್ಟೆಯನ್ನು ತೊಡಿಸುವುದು. ಮುಂಬರುವ ಹಬ್ಬಕ್ಕೆ ಸಂತರೊಬ್ಬರ ಜೀವನವನ್ನೋ ಹಿರಿಯರೊಬ್ಬರ ಚರಿತ್ರೆಯನ್ನೋ ಆಡಿತೋರಿಸಲು ಸಿದ್ಧರಾಗುತ್ತಿರುವ ನಮ್ಮ ಯುವಜನರು ಬಾಡಿಗೆಯ ಜರಿಬಟ್ಟೆಯ ಗಂಟನ್ನು ಬಿಚ್ಚುವ ಮೊದಲು ಒಂದು ಸಂಜೆಯನ್ನು ಇದಕ್ಕಾಗಿ ಮೀಸಲಿಡಲಿ. ಊರಿನ ಹಿರಿಯರ ಬಳಿ ಕುಳಿತು, ಆ ಮನುಷ್ಯ ನಿಜವಾಗಿ ಏನನ್ನು ಉಡುತ್ತಿದ್ದರು, ಅದು ಎಲ್ಲೆಲ್ಲಿ ಸವೆದಿತ್ತು ಎಂದು ಕೇಳಿ ತಿಳಿಯಲಿ.